ಮೂರು ಆದ್ಯತಾ ಕ್ಷೇತ್ರಗಳನ್ನು ಆರಿಸಿ ಕೊಡಿ ಎನ್ನುತ್ತಿದ್ದಾರೆ, ಆರಿಸುವುದು ಹೇಗೆ?

ಮಣ್ಣುಹುಳ (ಪ್ರಶ್ನೆ):

ನಮ್ಮ ವಿಶ್ವವಿದ್ಯಾಲಯದ ಸಂಶೋಧನಾ ಸಮಿತಿಗೆ ನನ್ನನ್ನು ಹಾಕಿದ್ದಾರೆ. ಹಿರಿಯರೆಲ್ಲ ಒಬ್ಬೊಬ್ಬರಾಗಿ ನುಣುಚಿಕೊಂಡ ಮೇಲೆ ಉಳಿದವಳು ನಾನು. ನನ್ನ ಅರ್ಹತೆ ಅಷ್ಟೇ. ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುತ್ತೇನೆ. ಬೇರೆಯವರ ಹಣದ ತೀರ್ಮಾನ ಮಾಡುವ ಸ್ಥಾನದಲ್ಲಿ ಕೂರುವುದು ಇದೇ ಮೊದಲು.

ನಮ್ಮ ಪ್ರಾಧ್ಯಾಪಕರು ಹೊರಗಿನ ಸಂಸ್ಥೆಗಳಿಂದ ಗೆದ್ದು ತರುವ ಅನುದಾನ ಒಂದು ಕಡೆ ಇದೆ. ವಿಶ್ವವಿದ್ಯಾಲಯ ತನ್ನದೇ ಬೊಕ್ಕಸದಿಂದ ಸಂಶೋಧನೆಗೆಂದು ತೆಗೆದಿಡುವ ಆಂತರಿಕ ನಿಧಿ ಇನ್ನೊಂದು ಕಡೆ. ಎರಡನೆಯದು ಮೊದಲನೆಯದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಇಲ್ಲಿಯವರೆಗೆ ಅದನ್ನು ಎಲ್ಲ ವಿಭಾಗಗಳಿಗೂ ಸಮನಾಗಿ ಹಂಚುತ್ತಿದ್ದರು. ಯಾರಿಗೂ ಸಾಲುತ್ತಿರಲಿಲ್ಲ, ಯಾರೂ ಜಗಳವಾಡುತ್ತಿರಲಿಲ್ಲ. ಆರ್ಥಿಕ ವರ್ಷದ ಕೊನೆಯ ವಾರಗಳಲ್ಲಿ ಪ್ರಿಂಟರುಗಳೂ ಕುರ್ಚಿಗಳೂ ಬಂದು ಬೀಳುತ್ತಿದ್ದವು.

ಹೊಸ ಕುಲಪತಿಗಳಿಗೆ ಇದು ಸರಿಬಂದಿಲ್ಲ, ಅದರಲ್ಲಿ ತಪ್ಪೇನೂ ಇಲ್ಲ. ಮೂರು ಆದ್ಯತಾ ಕ್ಷೇತ್ರಗಳನ್ನು ಗುರುತಿಸಿ, ನಿಧಿಯ ಶೇಕಡಾ 70ರಷ್ಟನ್ನು ಅವಕ್ಕೇ ಕೊಡಿ ಎಂದಿದ್ದಾರೆ. ಕರಡು ಪಟ್ಟಿ ಆಗಲೇ ಓಡಾಡುತ್ತಿದೆ: ಕೃತಕ ಬುದ್ಧಿಮತ್ತೆ, ಸುಸ್ಥಿರ ಇಂಧನ, ಆರೋಗ್ಯ ತಂತ್ರಜ್ಞಾನ. ಬೇರೆ ಯಾವ ವಿಶ್ವವಿದ್ಯಾಲಯದ ಜಾಲತಾಣ ತೆರೆದರೂ ಇದೇ ಮೂರು ಕಾಣುತ್ತವೆ, ಕೆಲವೊಮ್ಮೆ ಅದೇ ಚಿತ್ರಗಳೊಂದಿಗೆ. ನಮ್ಮಲ್ಲಿ ಇಂಧನದ ಮೇಲೆ ಗಂಭೀರವಾಗಿ ಕೆಲಸ ಮಾಡುವವರು ಇಬ್ಬರು, ಅವರಲ್ಲಿ ಒಬ್ಬರು ನಿವೃತ್ತಿಯ ಅಂಚಿನಲ್ಲಿದ್ದಾರೆ. ಅತ್ತ ಹಸ್ತಪ್ರತಿಗಳ ಅಧ್ಯಯನದ ಸಣ್ಣ ಗುಂಪೊಂದಿದೆ. ಅವರ ಬಳಿ ಕಲಿಯಲು ಬೇರೆ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಆ ಗುಂಪು ಪಟ್ಟಿಯ ಹತ್ತಿರಕ್ಕೂ ಸುಳಿದಿಲ್ಲ.

ಇಂಥ ಸಮಿತಿಗಳಲ್ಲಿ ಕುಳಿತವರು ಇಲ್ಲಿದ್ದರೆ ಹೇಳಿ. ಕ್ಷೇತ್ರಗಳನ್ನು ನಿಜಕ್ಕೂ ಯಾವ ಆಧಾರದ ಮೇಲೆ ಆರಿಸುತ್ತಾರೆ? ಅಥವಾ ಆರಿಸುವುದೇ ಬೇಡ ಎಂದು ವಾದಿಸಲು ಏನಾದರೂ ಆಧಾರ ಇದೆಯೇ? ಸಮಾನ ಹಂಚಿಕೆಗೆ ಹಿಂದಿರುಗುವುದು ನನಗೂ ಬೇಡ.

ಹಳೆಯಕಡತ:

ಸಂಶೋಧನಾ ಕಚೇರಿಯೊಂದನ್ನು ಬಹುಕಾಲ ನಡೆಸಿ ಈಗ ನಿವೃತ್ತನಾಗಿದ್ದೇನೆ. ಆದ್ಯತಾ ಕ್ಷೇತ್ರಗಳ ಪಟ್ಟಿಗಳು ಹುಟ್ಟುವುದನ್ನೂ ಸದ್ದಿಲ್ಲದೆ ಸಾಯುವುದನ್ನೂ ಹತ್ತಿರದಿಂದ ನೋಡಿದ್ದೇನೆ. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಿಮ್ಮ ಕುಲಪತಿಗಳು ಪ್ರಶ್ನೆಯನ್ನು ತಲೆಕೆಳಗಾಗಿ ಹಿಡಿದಿದ್ದಾರೆ. ‘ಯಾವ ಕ್ಷೇತ್ರ?’ ಎಂದು ಕೇಳುವ ಮೊದಲು ‘ಬೇರೆ ಯಾವ ಹಣವೂ ಮಾಡದ ಏನನ್ನು ಈ ಹಣ ಮಾಡಬಲ್ಲದು?’ ಎಂದು ಕೇಳಬೇಕು. ಕೃತಕ ಬುದ್ಧಿಮತ್ತೆಗೂ ಇಂಧನಕ್ಕೂ ಸರ್ಕಾರಗಳು ಕೊಡುತ್ತವೆ, ಕಂಪನಿಗಳು ಕೊಡುತ್ತವೆ, ಪ್ರತಿಷ್ಠಾನಗಳು ಕೊಡುತ್ತವೆ. ಅದರ ಮೇಲೆ ನಿಮ್ಮ ಹತ್ತನೇ ಒಂದು ಪಾಲನ್ನು ಸುರಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಇನ್ನೂ ಫಲಿತಾಂಶವಿಲ್ಲದ, ಹೊರಗಿನ ಅರ್ಜಿಯಲ್ಲಿ ತೋರಿಸಲು ಒಂದು ನಕ್ಷೆಯೂ ಇಲ್ಲದ ಪ್ರಯೋಗಕ್ಕೆ ಯಾರು ಕೊಡುತ್ತಾರೆ? ಎರಡು ಅನುದಾನಗಳ ನಡುವೆ ಆರು ತಿಂಗಳು ಸಂಬಳವಿಲ್ಲದೆ ಚದುರಿಹೋಗುವ ತಂಡವನ್ನು ಯಾರು ಹಿಡಿದಿಡುತ್ತಾರೆ? ಕೊಂಡ ಯಂತ್ರದ ನಿರ್ವಹಣೆಗೆ? ಇವಕ್ಕೆಲ್ಲ ಆಂತರಿಕ ನಿಧಿ ಬಿಟ್ಟು ಬೇರೆ ದಿಕ್ಕಿಲ್ಲ. ಅದನ್ನೇ ಫ್ಯಾಷನ್ನಿಗೆ ಕೊಟ್ಟುಬಿಟ್ಟರೆ ಆ ಕೆಲಸ ಮಾಡುವ ಹಣ ಎಲ್ಲಿಯೂ ಉಳಿಯುವುದಿಲ್ಲ.

ಎರಡನೆಯ ಮಾತು: ಫಲ ಕೊಡುವುದು ಕ್ಷೇತ್ರವಲ್ಲ, ಅದರಲ್ಲಿ ದುಡಿಯುವ ಜನ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸೊಸೈಟಿಯಲ್ಲಿ ಹಾರ್ನಾಕ್ ತತ್ತ್ವ ಎಂಬುದೊಂದಿದೆ. 1911ರಲ್ಲಿ ಆರಂಭವಾದ ಅದರ ಪೂರ್ವಜ ಸಂಸ್ಥೆಯ ಮೊದಲ ಅಧ್ಯಕ್ಷರ ಹೆಸರು ಅದಕ್ಕೆ. ಮೊದಲು ಅಸಾಧಾರಣ ವ್ಯಕ್ತಿಯನ್ನು ಹುಡುಕು, ವಿಭಾಗವನ್ನು ಅವರ ಸುತ್ತ ಕಟ್ಟು, ಅವರು ನಿವೃತ್ತರಾದಾಗ ಆ ವಿಭಾಗ ಮುಂದುವರಿಯಬೇಕೇ ಎಂದು ಹೊಸದಾಗಿ ಕೇಳಿಕೋ ಎನ್ನುವುದು ಅದರ ಸಾರ. ನೀವು ಹೇಳಿದ ಇಂಧನದ ಪರಿಸ್ಥಿತಿ ಇದಕ್ಕೆ ಸರಿಯಾಗಿ ತಿರುವುಮುರುವು: ಇಬ್ಬರಿದ್ದಾರೆ, ಒಬ್ಬರು ಹೊರಡುತ್ತಿದ್ದಾರೆ, ಹಣ ಬರುತ್ತಿದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ಎಂದರೆ ಇದೇ.

ತಜ್ಞರು ಮುಂಚಿತವಾಗಿ ಗುರುತಿಸಲಾಗದ ಕೆಲಸಗಳ ಉದಾಹರಣೆಗಳು ಬೇಕಾದಷ್ಟಿವೆ. ಮಾರಿಯೊ ಕಪೆಕಿ 1980ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಅರ್ಜಿ ಹಾಕಿದಾಗ ಪರಿಶೀಲಕರು ಅವರ ಎರಡು ಯೋಜನೆಗಳನ್ನು ಹೊಗಳಿದರು. ಮೂರನೆಯದು ಸಸ್ತನಿ ಜೀವಕೋಶಗಳಲ್ಲಿ ನಿರ್ದಿಷ್ಟ ಜೀನ್ ಒಂದನ್ನು ಗುರಿಯಿಟ್ಟು ಬದಲಿಸುವ ಯೋಜನೆ. ಅದನ್ನು ಕೈಬಿಡಿ ಎಂದರು. ಆತ ಬಂದ ಹಣದ ಬಹುಪಾಲನ್ನು ಆ ಮೂರನೆಯದಕ್ಕೇ ಹಾಕಿದ. 2007ರ ನೊಬೆಲ್ ಬಂದದ್ದು ಆ ಕೆಲಸಕ್ಕೆ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳಿಗೆ ಬುನಾದಿ ಹಾಕಿದ ವಿಜ್ಞಾನಿ ಕಾಟಲಿನ್ ಕಾರಿಕೊ ಕಥೆ ಈಗ ಎಲ್ಲರಿಗೂ ಗೊತ್ತು. ಎಂಆರ್‌ಎನ್‌ಎ ಕುರಿತ ಅರ್ಜಿಗಳಿಗೆ ಹಣ ಸಿಗಲಿಲ್ಲವೆಂದು 1995ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಆಕೆಯನ್ನು ಕೆಳಗಿನ ಹುದ್ದೆಗೆ ಇಳಿಸಿತು. ಡ್ರೂ ವೈಸ್‌ಮನ್ ಜೊತೆಗೆ ಬರೆದ ಮುಖ್ಯ ಪ್ರಬಂಧ ಬಂದದ್ದು 2005ರಲ್ಲಿ, ನೊಬೆಲ್ ಬಂದದ್ದು 2023ರಲ್ಲಿ. ಇನ್ನು ನಿಮ್ಮದೇ ಬಳಗದ, ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್. 1960ರ ದಶಕದಲ್ಲಿ ಯೆಲ್ಲೋಸ್ಟೋನಿನ ಬಿಸಿನೀರಿನ ಬುಗ್ಗೆಗಳಲ್ಲಿ ಯಾವ ಜೀವಿ ಬದುಕುತ್ತದೆ ಎಂದು ಕುತೂಹಲಕ್ಕೆ ಹುಡುಕಿದವರು. ಅವರಿಗೆ ಸಿಕ್ಕ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾದ ಕಿಣ್ವವೇ ಮುಂದೆ ಡಿಎನ್‌ಎ ತುಣುಕಿನ ಲಕ್ಷಾಂತರ ಪ್ರತಿಗಳನ್ನು ಮಾಡುವ ಪಿಸಿಆರ್ ತಂತ್ರಕ್ಕೆ ಆಧಾರವಾಯಿತು. ‘ಆರೋಗ್ಯ ತಂತ್ರಜ್ಞಾನ’ದ ಅರ್ಜಿಯಲ್ಲಿ ಬಿಸಿನೀರಿನ ಬುಗ್ಗೆಗೆ ಕಾಲಂ ಎಲ್ಲಿದೆ?

ಹಾಗಾದರೆ ಅರ್ಜಿಗಳನ್ನು ಅಂಕ ಕೊಟ್ಟು ಸಾಲಾಗಿ ನಿಲ್ಲಿಸಿ ಮೇಲಿನವರಿಗೆ ಕೊಡೋಣ ಎನ್ನುತ್ತೀರಾ? ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಬಂದಿದ್ದ 150 ಅರ್ಜಿಗಳನ್ನು ಬೇರೊಂದು ಗುಂಪಿನ ಪರಿಶೀಲಕರಿಗೆ ಮತ್ತೆ ಕೊಟ್ಟು ನೋಡಿದ ಅಧ್ಯಯನ 1981ರಲ್ಲಿ ಪ್ರಕಟವಾಯಿತು. ಅರ್ಜಿಯ ಹಣೆಬರಹದ ಸುಮಾರು ಅರ್ಧ ಅದರ ಗುಣದಿಂದ, ಇನ್ನರ್ಧ ಯಾವ ಪರಿಶೀಲಕರ ಕೈಗೆ ಸಿಕ್ಕಿತು ಎಂಬ ಅದೃಷ್ಟದಿಂದ ಎಂದು ತಿಳಿದುಬಂತು. ಕೆಟ್ಟ ಅರ್ಜಿಯನ್ನು ತಜ್ಞರು ಗುರುತಿಸಬಲ್ಲರು. ಒಳ್ಳೆಯ ಇಪ್ಪತ್ತರಲ್ಲಿ ಏಳನೆಯದಕ್ಕಿಂತ ಆರನೆಯದು ಮೇಲು ಎಂದು ಹೇಳುವಾಗ ಅವರು ಊಹೆ ಮಾಡುತ್ತಿರುತ್ತಾರೆ, ದಶಾಂಶ ಸ್ಥಾನಗಳೊಂದಿಗೆ.

ಆ ಊಹೆಯ ಪರಿಣಾಮ ಚಿಕ್ಕದಲ್ಲ. ನೆದರ್ಲೆಂಡ್ಸಿನಲ್ಲಿ ವೃತ್ತಿಯ ಆರಂಭದಲ್ಲಿರುವವರಿಗೆ ಕೊಡುವ ಅನುದಾನದಲ್ಲಿ ಆಯ್ಕೆಯ ಗೆರೆಯ ತುಸು ಮೇಲಿದ್ದವರನ್ನೂ ತುಸು ಕೆಳಗಿದ್ದವರನ್ನೂ ಹೋಲಿಸಿದ ಅಧ್ಯಯನ 2018ರಲ್ಲಿ ಬಂತು. ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಮುಂದಿನ ಎಂಟು ವರ್ಷಗಳಲ್ಲಿ ಗೆದ್ದವರು ಸೋತವರಿಗಿಂತ ಎರಡರಷ್ಟಕ್ಕೂ ಹೆಚ್ಚು ಸಂಶೋಧನಾ ಹಣ ಗಳಿಸಿದ್ದರು. ಸೋತವರಲ್ಲಿ ಹಲವರು ಮತ್ತೆ ಅರ್ಜಿ ಹಾಕುವುದನ್ನೇ ಬಿಟ್ಟದ್ದೂ ಇದಕ್ಕೆ ಒಂದು ಕಾರಣ. ಇದ್ದವನಿಗೇ ಮತ್ತೆ ಕೊಡುವ ಈ ಚಾಳಿಯನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲೇ ವಿವರಿಸಿದ್ದರು.

ಆದ್ದರಿಂದ ನನ್ನ ಸಲಹೆ, ನಗಬೇಡಿ: ಸಣ್ಣ ಮೊತ್ತಗಳಿಗೆ ಕನಿಷ್ಠ ಗುಣಮಟ್ಟದ ಗೆರೆ ಎಳೆಯಿರಿ, ಗೆರೆ ದಾಟಿದವರ ಹೆಸರುಗಳಲ್ಲಿ ಚೀಟಿ ಎತ್ತಿ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಲ್ಲಿ ಒಂದು ಯೋಜನೆಯಲ್ಲಿ ಹೀಗೆ ಮಾಡಲು ಆರಂಭಿಸಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ಪ್ರತಿಷ್ಠಾನ 2017ರಲ್ಲಿ ಪ್ರಯೋಗ ಮಾಡಿತು. ಬ್ರಿಟಿಷ್ ಅಕಾಡೆಮಿ 2022ರಲ್ಲಿ ತನ್ನ ಸಣ್ಣ ಅನುದಾನಗಳಿಗೆ ಇದನ್ನು ತಂದಿತು. ಇವು ಜೂಜುಕೋರರ ಸಂಸ್ಥೆಗಳಲ್ಲ.

ವಕ್ರದರ್ಶಿ:

ಮೇಲಿನ ಉತ್ತರ ಓದಲು ಚೆನ್ನಾಗಿದೆ, ಆದರೆ ಅರ್ಧ ಸತ್ಯ. ಕಾರಿಕೊ, ಕಪೆಕಿ, ಬ್ರಾಕ್ ಹೆಸರುಗಳು ಇಂಥ ಪ್ರತಿಯೊಂದು ಚರ್ಚೆಯಲ್ಲೂ ಮೆರವಣಿಗೆ ಬರುತ್ತವೆ. ತಜ್ಞರು ಬೇಡವೆಂದರೂ ಹಟ ಹಿಡಿದು, ಕೊನೆಗೆ ಏನೂ ಸಿಗದೆ ಹೋದ ನೂರಾರು ಜನರ ಹೆಸರನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಆ ಹೆಸರುಗಳು ಯಾರಿಗೂ ಗೊತ್ತಿಲ್ಲ. ಗೆದ್ದವರನ್ನು ಮಾತ್ರ ಎಣಿಸಿ ನಿಯಮ ಮಾಡಲಾಗದು. ಬ್ರಾಕ್ ಅವರಿಗೂ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣ ಸಿಕ್ಕಿತ್ತು ಎಂಬುದನ್ನು ಮರೆಯಬೇಡಿ; ಪರಿಶೀಲಕರು ಅಲ್ಲಿ ಸರಿಯಾಗಿಯೇ ಆರಿಸಿದ್ದರು.

‘ಕ್ಷೇತ್ರ ಬೇಡ, ಜನ ಸಾಕು’ ಎನ್ನುವುದು ಸಣ್ಣ ಮೊತ್ತಗಳಿಗೆ ಸರಿ. ಪ್ರೋಟೀನುಗಳಂಥ ಅಣುಗಳ ರಚನೆ ತೋರಿಸುವ ಅತಿಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಮೂರನೇ ಒಂದು ಭಾಗ ಕೊಳ್ಳಲು ಬರುವುದಿಲ್ಲ. ಅದನ್ನು ಕೊಂಡ ದಿನವೇ ರಚನಾತ್ಮಕ ಜೀವಶಾಸ್ತ್ರ ನಿಮ್ಮ ಆದ್ಯತೆಯಾಯಿತು, ಪಟ್ಟಿಯಲ್ಲಿ ಬರೆಯಲಿ ಬಿಡಲಿ. ಹೊಸ ಪ್ರಾಧ್ಯಾಪಕ ಹುದ್ದೆಯನ್ನು ಯಾವ ವಿಭಾಗಕ್ಕೆ ಕೊಡುತ್ತೀರಿ ಎಂಬುದೂ ಮೂವತ್ತು ವರ್ಷಗಳ ಆದ್ಯತೆಯೇ. ನಾನು ಆರಿಸುವುದಿಲ್ಲ ಎನ್ನುವ ವಿಶ್ವವಿದ್ಯಾಲಯವೂ ಆರಿಸುತ್ತಲೇ ಇರುತ್ತದೆ, ಯಾರಿಗೂ ಲೆಕ್ಕ ಕೊಡದೆ.

ಆರಿಸಿ ಗೆದ್ದವರೂ ಇದ್ದಾರೆ. 1955ರಿಂದ 1965ರವರೆಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊವೋಸ್ಟ್ (ಶೈಕ್ಷಣಿಕ ಮುಖ್ಯಸ್ಥ) ಆಗಿದ್ದ ಫ್ರೆಡರಿಕ್ ಟರ್ಮನ್ ಎಲ್ಲ ಕಡೆ ಸಮನಾಗಿ ಎತ್ತರಿಸುವುದನ್ನು ಬಿಟ್ಟು ಕೆಲವೇ ಕಡೆ ಗೋಪುರಗಳನ್ನು ಕಟ್ಟಬೇಕು ಎಂದರು. ಎಲೆಕ್ಟ್ರಾನಿಕ್ಸ್ ಅವುಗಳಲ್ಲಿ ಒಂದು. ಸಾಧಾರಣವಾಗಿದ್ದ ವಿಶ್ವವಿದ್ಯಾಲಯ ಎಲ್ಲಿಗೆ ಹೋಯಿತು ಎಂದು ಹೇಳಬೇಕಾಗಿಲ್ಲ. ಹೊರಗಿನ ಗುತ್ತಿಗೆ ತರಲಾಗದ ವಿಭಾಗಗಳನ್ನು ಅವರು ಕಡೆಗಣಿಸಿದರು ಎಂಬ ಟೀಕೆಯೂ ಇದೆ, ಅದು ನ್ಯಾಯವೂ ಹೌದು. ಗೋಪುರ ಎತ್ತುವಾಗ ನೆರಳು ಯಾರ ಮೇಲೆ ಬೀಳುತ್ತದೆ ಎಂಬುದನ್ನು ಬರೆದಿಟ್ಟುಕೊಂಡೇ ಎತ್ತಬೇಕು.

ಇನ್ನೊಂದು. ‘ಅಸಾಧಾರಣ ವ್ಯಕ್ತಿ’ಯನ್ನು ಗುರುತಿಸುವವರು ಯಾರು? ಹೆಚ್ಚಿನ ಕಡೆ ಅದರ ಅರ್ಥ, ಡೀನ್ ಜೊತೆ ಊಟಕ್ಕೆ ಹೋಗುವ ವ್ಯಕ್ತಿ. ಕ್ಷೇತ್ರಗಳ ಪಟ್ಟಿಗೆ ಕನಿಷ್ಠ ಒಂದು ಗುಣವಿದೆ: ಅದು ಗೋಡೆಯ ಮೇಲಿರುತ್ತದೆ, ಅದನ್ನು ಎಲ್ಲರೂ ಬೈಯಬಹುದು.

ಮಣ್ಣುಹುಳ ಅವರಿಗೆ ನನ್ನ ಸಲಹೆ: ಆದ್ಯತೆಗಳಿರಲಿ, ಆದರೆ ಕುಲಪತಿಗಳು ತಂದ ಮೂರು ಹೆಸರುಗಳಾಗಿ ಬೇಡ. ಈಗಾಗಲೇ ಐದಾರು ಜನ ಗಟ್ಟಿಯಾಗಿ ಕೆಲಸ ಮಾಡುತ್ತಿರುವ, ಇನ್ನಿಬ್ಬರು ಬಂದರೆ ನೆಗೆಯಬಹುದಾದ ಕಡೆಗಳು ಎಲ್ಲಿವೆ ಎಂದು ವಿಭಾಗಗಳನ್ನು ಕೇಳಿ. ‘ಇಂಧನ’ ಎಂಬಷ್ಟು ಅಗಲವಾದ ಹೆಸರು ಬೇಡ. ಅಷ್ಟು ಅಗಲವಾದರೆ ಎಲ್ಲರೂ ತಮ್ಮ ಹಳೆಯ ಅರ್ಜಿಯ ಶೀರ್ಷಿಕೆಗೆ ‘ಸುಸ್ಥಿರ’ ಎಂಬ ಪದ ಅಂಟಿಸಿ ತರುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಮೀನುಗಳ ಕಿವಿಯ ಮೂಳೆಯ ಅಧ್ಯಯನವನ್ನು ಹೀಗೆಯೇ ಇಂಧನ ಭದ್ರತೆಗೆ ಜೋಡಿಸಿದ್ದನ್ನು ನೋಡಿದ್ದೇನೆ. ಹಣವೂ ಬಂತು. ಅಧ್ಯಯನ ಉತ್ತಮವಾಗಿಯೇ ನಡೆಯಿತು, ಅದು ಬೇರೆ ಮಾತು.

ಜಮಾಖರ್ಚು:

ನಾನು ಸಂಶೋಧಕನಲ್ಲ, ಹಣಕಾಸು ವಿಭಾಗದವನು. ಇಬ್ಬರೂ ಒಂದು ವಿಷಯ ಮುಟ್ಟಲಿಲ್ಲ: ಹೊರಗಿನ ಅನುದಾನ ಗೆದ್ದಷ್ಟೂ ಆಂತರಿಕ ನಿಧಿ ಖಾಲಿಯಾಗುತ್ತದೆ.

ಅನುದಾನ ಕೊಡುವ ಸಂಸ್ಥೆ ರಾಸಾಯನಿಕಗಳಿಗೆ, ಸಹಾಯಕರ ಸಂಬಳಕ್ಕೆ, ಪ್ರಯಾಣಕ್ಕೆ ಕೊಡುತ್ತದೆ. ಕಟ್ಟಡ, ವಿದ್ಯುತ್, ಗ್ರಂಥಾಲಯ, ತ್ಯಾಜ್ಯ ವಿಲೇವಾರಿ, ಲೆಕ್ಕಪತ್ರ, ನನ್ನ ಸಂಬಳ ಎಲ್ಲ ಪರೋಕ್ಷ ವೆಚ್ಚ. ಅದಕ್ಕೆಂದು ಓವರ್‌ಹೆಡ್ ಎಂದು ಒಂದು ಪಾಲು ಸೇರಿಸಿದರೂ ಅದು ನಿಜವಾದ ವೆಚ್ಚವನ್ನು ಮುಟ್ಟುವುದು ಅಪರೂಪ. ಬ್ರಿಟನ್ನಿನ ಸಂಶೋಧನಾ ಮಂಡಳಿಗಳು ಪೂರ್ಣ ವೆಚ್ಚವನ್ನು ಲೆಕ್ಕ ಹಾಕಿಸಿ, ಸಾಮಾನ್ಯವಾಗಿ ಅದರ ಶೇಕಡಾ 80ರಷ್ಟನ್ನು ಕೊಡುತ್ತವೆ. ಅಂದರೆ ಪ್ರತಿ ಗೆಲುವಿನ ಜೊತೆಗೂ ಶೇಕಡಾ 20ರ ಬಿಲ್ ಮನೆಗೆ ಬರುತ್ತದೆ. ಅನೇಕ ದತ್ತಿ ಸಂಸ್ಥೆಗಳು ಪರೋಕ್ಷ ವೆಚ್ಚಕ್ಕೆ ಬಹಳ ಕಡಿಮೆ ಕೊಡುತ್ತವೆ, ಕೆಲವು ಏನೂ ಕೊಡುವುದಿಲ್ಲ. ಕೆಲವರು ಇನ್ನೂ ಮುಂದೆ ಹೋಗಿ ‘ನಾವು ಇಷ್ಟು ಹಾಕುತ್ತೇವೆ, ನೀವೂ ಅಷ್ಟೇ ಹಾಕಿ’ ಎಂದು ಸಮಪಾಲಿನ ಷರತ್ತು ಇಡುತ್ತಾರೆ. ಪ್ರಾಧ್ಯಾಪಕರು ಸಂಭ್ರಮದಿಂದ ಪತ್ರ ತರುತ್ತಾರೆ, ಕುಲಸಚಿವರು ಸಂಭ್ರಮದಿಂದ ಸಹಿ ಹಾಕುತ್ತಾರೆ, ನಾನು ಆಂತರಿಕ ನಿಧಿಯಿಂದ ಕಳೆಯುತ್ತೇನೆ. ಯಾವ ಸಮಿತಿಯೂ ಕೂರದೆ ಆದ್ಯತೆ ನಿರ್ಧಾರವಾಗುವುದು ಹೀಗೆ, ಬೇರೆಯವರ ಷರತ್ತಿನ ಮೇಲೆ.

ಯಂತ್ರಗಳ ಕಥೆಯೂ ಅದೇ. ಖರೀದಿಗೆ ಅನುದಾನ ಸಿಗುತ್ತದೆ, ಉದ್ಘಾಟನೆಗೆ ಫಲಕ ಸಿಗುತ್ತದೆ. ಖಾತರಿ ಅವಧಿ ಮುಗಿದ ಮೇಲೆ ನಿರ್ವಹಣಾ ಒಪ್ಪಂದಕ್ಕೆ ಯಾರೂ ಇಲ್ಲ. ಎನ್‌ಎಂಆರ್ ಎಂಬ, ಅಣುಗಳ ರಚನೆ ತಿಳಿಯುವ ಯಂತ್ರದ ಅತಿವಾಹಕ ಕಾಂತಕ್ಕೆ ದ್ರವ ಹೀಲಿಯಂ ತುಂಬುತ್ತಲೇ ಇರಬೇಕು, ಯಾರೂ ಉಪಯೋಗಿಸದಿದ್ದರೂ. ಅದನ್ನು ನಡೆಸಬಲ್ಲ ತಂತ್ರಜ್ಞರಿಗೆ ಕಾಯಂ ಹುದ್ದೆ ಇಲ್ಲದಿದ್ದರೆ ಅವರು ಕಲಿತ ಮರುವರ್ಷವೇ ಹೊರಡುತ್ತಾರೆ. ಸಮಿತಿಯಲ್ಲಿ ನಿಮಗೊಂದು ಮಾತು ನಡೆಯುವುದಾದರೆ ಇದನ್ನು ನಡೆಸಿಕೊಳ್ಳಿ: ಮುಂದಿನ ಐದು ವರ್ಷ ಯಾರು ನಡೆಸುತ್ತಾರೆ, ಯಾವ ಹಣದಿಂದ ಎಂಬ ಎರಡು ಸಾಲು ಇಲ್ಲದ ಯಾವ ಉಪಕರಣದ ಅರ್ಜಿಗೂ ಸಹಿ ಬೇಡ.

ಕುಲಪತಿಗಳ ಶೇಕಡಾ 70 ಯಾವುದರ 70 ಎಂದೂ ಕೇಳಿ. ಈಗಾಗಲೇ ಕೊಟ್ಟ ಮಾತುಗಳನ್ನು ಕಳೆದ ಮೇಲೆ ಉಳಿಯುವುದು ಎಷ್ಟು ಎಂಬ ಪಟ್ಟಿ ನಿಮ್ಮ ಹಣಕಾಸು ವಿಭಾಗದಲ್ಲಿ ಖಂಡಿತ ಇರುತ್ತದೆ. ಕೇಳುವವರಿಲ್ಲದೆ ಧೂಳು ತಿನ್ನುತ್ತಿರುತ್ತದೆ.

ತಾಳೆಗರಿ:

ನೀವು ಹೇಳಿದಂಥ ಹಸ್ತಪ್ರತಿ ಗುಂಪಿನವನು ನಾನು, ಬೇರೊಂದು ಕಡೆ.

ನಮಗೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಸಮಯ. ಒಂದು ಅವಧಿಯ ಬೋಧನೆಯಿಂದ ಬಿಡುವು ಕೊಟ್ಟರೆ ಒಂದು ಗ್ರಂಥಸಂಪಾದನೆ ಮುಗಿಯುತ್ತದೆ. ನಮ್ಮ ಅರ್ಜಿ ನಮೂನೆಯಲ್ಲಿ ಉಪಕರಣಕ್ಕೆ ಕಾಲಂ ಇದೆ, ರಾಸಾಯನಿಕಗಳಿಗೆ ಇದೆ, ಪ್ರಯೋಗಪ್ರಾಣಿಗಳ ಒಪ್ಪಿಗೆಗೂ ಇದೆ. ಬೋಧನೆಯ ಬದಲಿ ವ್ಯವಸ್ಥೆಗೆ ಮಾತ್ರ ಇಲ್ಲ. ಬಿಡುವಿಗೆ ಹಣ ಕೇಳಿದ್ದಕ್ಕೆ ‘ಉಪಕರಣ ನಮೂದಿಸಿಲ್ಲ’ ಎಂದು ಅರ್ಜಿ ವಾಪಸು ಬಂತು. ಆಮೇಲೆ ಒಂದು ಸ್ಕ್ಯಾನರ್ ನಮೂದಿಸಿದೆವು. ಸ್ಕ್ಯಾನರ್ ಬಂತು. ಅದರ ಮುಂದೆ ಕೂರಲು ಯಾರಿಗೂ ಬಿಡುವಿಲ್ಲ.

ಅಳತೆಗೋಲಿನ ವಿಷಯವನ್ನೂ ಎತ್ತಿ. ನಿಮ್ಮ ಸಮಿತಿ ಗುಂಪುಗಳ ‘ಬಲ’ವನ್ನು ಉಲ್ಲೇಖಗಳ ಎಣಿಕೆಯಿಂದ, ನಿಯತಕಾಲಿಕೆಯ ಪ್ರಬಂಧಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬಂತು ಎಂದು ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ ಅಳೆಯಲು ಹೊರಟರೆ ನಾವು ಸೊನ್ನೆ. ನಮ್ಮ ಮುಖ್ಯ ಕೆಲಸ ಪುಸ್ತಕಗಳಲ್ಲಿ ಬರುತ್ತದೆ, ಇಂಗ್ಲಿಷ್ ಅಲ್ಲದ ಭಾಷೆಗಳಲ್ಲಿ ಬರುತ್ತದೆ. ಉಲ್ಲೇಖ ಎಣಿಸುವ ದತ್ತಾಂಶ ಭಂಡಾರಗಳು ಇವೆರಡನ್ನೂ ಸರಿಯಾಗಿ ಎಣಿಸುವುದಿಲ್ಲ. ನಿಯತಕಾಲಿಕೆಯ ಅಂಕದಿಂದ ವ್ಯಕ್ತಿಯನ್ನೋ ಪ್ರಬಂಧವನ್ನೋ ಅಳೆಯಬಾರದು ಎಂದು 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿತು. ಸಾವಿರಾರು ಸಂಸ್ಥೆಗಳು ಸಹಿ ಹಾಕಿವೆ. ನಿಮ್ಮದೂ ಹಾಕಿದೆಯೇ ನೋಡಿ. ಹಾಕಿದ್ದರೆ ಸಭೆಯಲ್ಲಿ ಓದಿ ಹೇಳಿ, ಮುಖಗಳನ್ನು ನೋಡಲು ಚೆನ್ನಾಗಿರುತ್ತದೆ. ವಿಜ್ಞಾನದವರಿಗೂ ಈ ಎಣಿಕೆ ಹಿತವಲ್ಲ: ಇಂದಿನ ವ್ಯವಸ್ಥೆಯಲ್ಲಿ ತನಗೆ ಕೆಲಸವೇ ಸಿಗುತ್ತಿರಲಿಲ್ಲ, ಸಾಕಷ್ಟು ಉತ್ಪಾದಕನೆಂದು ಯಾರೂ ಒಪ್ಪುತ್ತಿರಲಿಲ್ಲ ಎಂದು ಹಿಗ್ಸ್ ಬೋಸಾನ್ ಕಣವನ್ನು ಮುಂಚಿತವಾಗಿ ಊಹಿಸಿದ ಭೌತವಿಜ್ಞಾನಿ ಪೀಟರ್ ಹಿಗ್ಸ್ 2013ರಲ್ಲಿ, ನೊಬೆಲ್ ಸ್ವೀಕರಿಸುವ ಹೊತ್ತಿಗೆ ಹೇಳಿದ್ದರು.

ಮಣ್ಣುಹುಳ:

ಎಲ್ಲರಿಗೂ ಧನ್ಯವಾದಗಳು. ಹಣಕಾಸು ವಿಭಾಗದ ಪಟ್ಟಿ ಕೇಳಿ ಪಡೆದೆ. ಜಮಾಖರ್ಚು ಹೇಳಿದ್ದು ಸರಿ: ನಿಧಿಯ ಸುಮಾರು ಅರ್ಧ ಸಮಪಾಲಿನ ಷರತ್ತುಗಳಿಗೆ ಆಗಲೇ ಹೋಗಿದೆ. ಸಮಿತಿಯ ಅಧ್ಯಕ್ಷರಿಗೇ ಇದು ತಿಳಿದಿರಲಿಲ್ಲ. ಇದೊಂದರಿಂದಲೇ ಚರ್ಚೆಯ ಧಾಟಿ ಬದಲಾಯಿತು.

ಚೀಟಿ ಎತ್ತುವ ಮಾತು ತೆಗೆದೆ. ಒಬ್ಬರು ನಕ್ಕರು, ಇನ್ನೊಬ್ಬರು ‘ಹಾಗಾದರೆ ನಾವೇಕೆ ಇರಬೇಕು?’ ಎಂದರು. ಆದರೆ ನಿರಾಕರಿಸಲಿಲ್ಲ. ಒಂದು ಪುಟದಲ್ಲಿ ಬರೆದು ತನ್ನಿ ಎಂದಿದ್ದಾರೆ. ಈಗ ನನ್ನ ತೊಡಕು ಬೇರೆ. ಸಮಿತಿಯ ಒಂಬತ್ತು ಸದಸ್ಯರಲ್ಲಿ ನನ್ನನ್ನೂ ಸೇರಿಸಿ ಏಳು ಜನ ಇದೇ ನಿಧಿಗೆ ಅರ್ಜಿ ಹಾಕುವವರು. ತಮ್ಮ ಅರ್ಜಿ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗುತ್ತಾರೆ, ಅದೇ ಸಾಕು ಎನ್ನುತ್ತಾರೆ. ಸಾಕೇ?

ಹಳೆಯಕಡತ:

ಸಾಲದು. ಇದಕ್ಕೆ ಗಟ್ಟಿ ಪುರಾವೆ ಇದೆ.

ಸ್ವೀಡನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಗೆ 1995ರಲ್ಲಿ ಬಂದ 114 ಫೆಲೋಶಿಪ್ ಅರ್ಜಿಗಳ ಅಂಕಗಳನ್ನು ಕ್ರಿಸ್ಟೀನ್ ವೆನ್ನೆರಾಸ್ ಮತ್ತು ಆಗ್ನೆಸ್ ವೋಲ್ಡ್ ಎಂಬ ಇಬ್ಬರು ವಿಜ್ಞಾನಿಗಳು ಪರಿಶೀಲಿಸಿದರು. ಮಂಡಳಿ ಅಂಕಗಳನ್ನು ಕೊಡಲು ಒಪ್ಪಿರಲಿಲ್ಲ, ಅವರು ನ್ಯಾಯಾಲಯದ ಮೂಲಕ ಪಡೆದರು. 1997ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೆಚ್ಚು ಸುದ್ದಿಯಾದದ್ದು, ಪುರುಷರಷ್ಟೇ ಅಂಕ ಗಳಿಸಲು ಮಹಿಳೆಯರು ಎರಡೂವರೆ ಪಟ್ಟು ಸಾಧಿಸಿರಬೇಕಿತ್ತು ಎಂಬುದು. ನಿಮಗೆ ಬೇಕಾದದ್ದು ಅದರ ಇನ್ನೊಂದು ಭಾಗ. ಅರ್ಜಿದಾರರಿಗೆ ನಂಟಿದ್ದ ಸದಸ್ಯರು ನಿಯಮದಂತೆ ಅಂಕ ಕೊಡದೆ ಹಿಂದೆ ಸರಿದಿದ್ದರು. ಆದರೂ ಉಳಿದ ‘ತಟಸ್ಥ’ ಸದಸ್ಯರು ಆ ಅರ್ಜಿಗಳಿಗೆ ಹೆಚ್ಚು ಅಂಕ ಕೊಟ್ಟಿದ್ದರು. ಎದ್ದು ಹೊರಗೆ ಹೋದವರ ಕುರ್ಚಿಗೂ ಪ್ರಭಾವವಿರುತ್ತದೆ.

ಚೀಟಿ ಎತ್ತುವುದಕ್ಕೆ ನನ್ನ ಬಲವಾದ ವಾದವೂ ಇದೇ. ಗೆರೆ ದಾಟಿದೆಯೇ ಇಲ್ಲವೇ ಎಂಬುದನ್ನು ಬೇರೆ ವಿಶ್ವವಿದ್ಯಾಲಯಗಳ ಇಬ್ಬರು ಹೇಳಲಿ. ಅವರ ಇಂಥ ಅರ್ಜಿಗಳನ್ನು ನಿಮ್ಮವರು ನೋಡಿಕೊಟ್ಟರೆ ಕೊಡುಕೊಳೆ ಸರಿಹೋಗುತ್ತದೆ. ಅರ್ಜಿ ಎರಡು ಪುಟ ಮೀರದಿರಲಿ. 2012ರ ಒಂದೇ ಸುತ್ತಿನಲ್ಲಿ ಆಸ್ಟ್ರೇಲಿಯಾದ ಆರೋಗ್ಯ ಸಂಶೋಧನಾ ಅನುದಾನಕ್ಕೆ ಅರ್ಜಿ ಬರೆಯಲು ಅಲ್ಲಿನ ಸಂಶೋಧಕರು ಒಟ್ಟು ಸುಮಾರು 550 ವರ್ಷಗಳ ದುಡಿಮೆ ಸುರಿದಿದ್ದರು ಎಂಬ ಅಂದಾಜಿದೆ, ಅದರ ಬಹುಪಾಲು ಸೋತ ಅರ್ಜಿಗಳಿಗೆ. ಸಣ್ಣ ಹಣಕ್ಕೆ ದೊಡ್ಡ ಅರ್ಜಿ ಬರೆಸುವುದು ಕಳ್ಳತನ.

ವಕ್ರದರ್ಶಿಯವರ ಮಾತಿನಲ್ಲಿ ದೊಡ್ಡ ಉಪಕರಣಗಳ ಮತ್ತು ಹುದ್ದೆಗಳ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಅಲ್ಲಿ ಚೀಟಿ ನಡೆಯದು, ಕಾರಣ ಬರೆದು ಆರಿಸಲೇಬೇಕು. ಹಾಗಾಗಿ ನಿಮ್ಮ ಒಂದು ಪುಟದಲ್ಲಿ ನಿಧಿಯನ್ನು ಎರಡಾಗಿ ತೋರಿಸಿ. ದೊಡ್ಡ ಪಾಲು ಹಂಚಿಕೊಂಡು ಬಳಸುವ ಉಪಕರಣ, ಅದರ ತಂತ್ರಜ್ಞರು ಮತ್ತು ಅನುದಾನಗಳ ನಡುವಿನ ಕಂದಕಕ್ಕೆ. ಇದನ್ನು ಸಮಿತಿ ಬಹಿರಂಗವಾಗಿ ತೀರ್ಮಾನಿಸಲಿ. ಉಳಿದದ್ದು ಮೊದಲ ಹೆಜ್ಜೆಯ ಪ್ರಯೋಗಗಳಿಗೆ ಮತ್ತು ಬೋಧನೆಯ ಬಿಡುವಿಗೆ, ಗೆರೆ ಎಳೆದು ಚೀಟಿ ಎತ್ತಿ. ಸಮಪಾಲಿನ ಷರತ್ತಿರುವ ಹೊರಗಿನ ಅರ್ಜಿಗೆ ಸಹಿ ಬೀಳುವ ಮೊದಲು ಅದು ಸಮಿತಿಯ ಮುಂದೆ ಬರಬೇಕು ಎಂಬ ಸಾಲನ್ನು ಮರೆಯಬೇಡಿ. ಕುಲಪತಿಗಳಿಗೆ ಮೂರು ಹೆಸರುಗಳು ಬೇಕೇ ಬೇಕೆಂದರೆ ಜಾಲತಾಣದಲ್ಲಿ ಹಾಕಿಕೊಳ್ಳಲಿ, ಹಣದ ಪುಟದಲ್ಲಿ ಬೇಡ.

‘ನಾವೇಕೆ ಇರಬೇಕು?’ ಎಂದವರನ್ನು ಮೊದಲ ಪಾಲಿನ ಉಪಸಮಿತಿಗೆ ಹಾಕಿ. ಐದು ವರ್ಷಗಳ ನಿರ್ವಹಣಾ ಒಪ್ಪಂದಗಳನ್ನು ಓದುವಷ್ಟರಲ್ಲಿ ಅವರಿಗೆ ಕೆಲಸದ ಕೊರತೆ ಕಾಣುವುದಿಲ್ಲ. ಪುಟ ಸಿದ್ಧವಾದರೆ ಇಲ್ಲಿ ಹಾಕಿ, ಸಭೆಗೆ ಮುಂಚೆ ವಕ್ರದರ್ಶಿಯವರಿಂದ ಒಮ್ಮೆ ಬೈಸಿಕೊಳ್ಳುವುದು ಒಳ್ಳೆಯದು.